ಮನೆಯಂಗಳದಲ್ಲಿ ಎಂಜಿನ್ ಇಳಿಸಿದ ದಿನಗಳು

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಸೇವೆಯಲ್ಲಿದ್ದಾಗಲೂ ಆ ಬಳಿಕವೂ ಬಸವ ಜಯಂತಿ ಸಮೀಪಿಸಿತೆಂದರೆ ಇಂಡಿ, ಸಿಂದಗಿ ತಾಲ್ಲೂಕುಗಳ ಯಾವುದಾದರೊಂದು ಊರಿನಿಂದ ನನಗೆ ಕರೆ ಬರುತ್ತಿತ್ತು. ವಿಷಯವೂ ಬಹುಮಟ್ಟಿಗೆ ಒಂದೇ: ಕಾಯಕ. ಅರಿವೆ ಒಗೆಯುವ ವೃತ್ತಿಯ ಮಡಿವಾಳ ಮಾಚಿದೇವರು ನಮ್ಮ ಜಿಲ್ಲೆಯ ದೇವರ ಹಿಪ್ಪರಗಿಯವರೆಂಬುದನ್ನು ನೆನಪಿಸಿ, ಕೈಕೆಲಸ ಮಾಡುವವನನ್ನು ಕೀಳಾಗಿ ಕಾಣುವವನು ಶರಣರ ಹೆಸರು ಹೇಳಲು ಅರ್ಹನಲ್ಲವೆಂದು ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಮಾತು ನನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, 2022ರಲ್ಲಿ. ಅದೂ ಒಂದು ಹಳೆಯ ಮೋಟಾರು ಕಾರಿನ ದೆಸೆಯಿಂದ.

ಕಾರು ನಮ್ಮ ತಂದೆಯವರದು. ಅವರು ಕೊಂಡ ಅಂಬಾಸಡರ್. ಇಂದಿನ ಮಕ್ಕಳಿಗೆ ಅದರ ಪರಿಚಯ ಕಡಿಮೆ. 1942ರಲ್ಲಿ ಆರಂಭವಾದ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಐವತ್ತರ ದಶಕದ ಕೊನೆಯಿಂದ ಇದನ್ನು ತಯಾರಿಸುತ್ತ ಬಂದಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಕೆಲಸ ನಿಂತಿತು. ಮಂತ್ರಿಗಳಿಂದ ಹಿಡಿದು ಬಾಡಿಗೆ ಗಾಡಿಯವರವರೆಗೆ ಎಲ್ಲರೂ ಏರಿದ ಕಾರು ಅದು. ನಮ್ಮೂರಿನಲ್ಲಿ ಎಷ್ಟು ಮದುಮಕ್ಕಳು ಆ ಕಾರಿನಲ್ಲಿ ದಿಬ್ಬಣ ಹೊರಟರು, ಎಷ್ಟು ಬಾಣಂತಿಯರು, ರೋಗಿಗಳು ನಡುರಾತ್ರಿ ಅದರಲ್ಲಿ ಸೊಲ್ಲಾಪುರದ ಆಸ್ಪತ್ರೆಗಳಿಗೆ ಹೋದರು ಎಂಬುದಕ್ಕೆ ಲೆಕ್ಕವಿಲ್ಲ. ತಂದೆಯವರು ಯಾರಿಂದಲೂ ಬಾಡಿಗೆ ಪಡೆಯಲಿಲ್ಲ. ಅವರು ಲಿಂಗೈಕ್ಯರಾದ ಮೇಲೂ ನಾವು ಅದನ್ನು ಮಾರಲಿಲ್ಲ. ನಮ್ಮ ಅವ್ವನಿಗೆ ಅದು ಮನೆಯ ಎತ್ತಿದ್ದ ಹಾಗೆ.

2022ರ ಜನವರಿಯಲ್ಲಿ ಸಿಂದಗಿಯಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ಆಲಮೇಲದ ದಾರಿಯಾಗಿ ಊರಿಗೆ ಮರಳುತ್ತಿದ್ದೆವು. ಕಾರು ನಡೆಸುತ್ತಿದ್ದವನು ನಾನೇ. ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆಂಬ ಅವಸರ. ಶಾಖ ತೋರಿಸುವ ಮುಳ್ಳು ಮೇಲೇರಿದ್ದನ್ನು ಕಂಡೂ ಇನ್ನು ಸ್ವಲ್ಪ ದೂರ ಹೋಗೋಣವೆಂದು ಮುಂದುವರಿಸಿದೆ. ರೇಡಿಯೇಟರಿನ ರಬ್ಬರ್ ಕೊಳವೆ ಒಡೆದು ನೀರೆಲ್ಲ ರಸ್ತೆಯ ಪಾಲಾಯಿತು. ಬಾನೆಟ್ ಎತ್ತಿದರೆ ಹಬೆ ಮುಖಕ್ಕೆ ರಾಚಿತು. ಕೊಳವೆಯನ್ನು ಬಟ್ಟೆಯಿಂದ ಬಿಗಿದು, ಹತ್ತಿರದ ಹೊಲದ ತೊಟ್ಟಿಯಿಂದ ಒಂದು ಕೊಡ ತಣ್ಣೀರು ತಂದು ಸುರಿದುಬಿಟ್ಟೆ. ಒಳಗಿನಿಂದ ಒಂದು ಟಿಕ್ಕೆಂಬ ಸಪ್ಪಳ ಬಂತು, ಅಷ್ಟೆ. ಕೆಂಪಗೆ ಕಾಯ್ದ ಹಂಚಿನ ಮೇಲೆ ನೀರು ಚೆಲ್ಲಿದರೆ ಏನಾಗುವುದೆಂಬುದು ರೊಟ್ಟಿ ಬಡಿಯುವ ಯಾವ ಹೆಣ್ಣುಮಗಳಿಗೂ ಗೊತ್ತು. ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಎಂಜಿನ್ನಿನ ಬೀಡುಕಬ್ಬಿಣದ ಬ್ಲಾಕ್ ಸೀಳಿತ್ತು. ಅಂದು ರಾತ್ರಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮನೆಗೆ ಎಳೆದು ತಂದೆವು.

ವಿಚಾರಿಸಿದ ಕಡೆಯಲ್ಲೆಲ್ಲ ಒಂದೇ ಉತ್ತರ ದೊರೆಯಿತು: ಬ್ಲಾಕ್ ಸೀಳಿದ ಮೇಲೆ ರಿಪೇರಿಗೆ ಹಾಕುವ ಹಣ ವ್ಯರ್ಥ, ಬೇರೆ ಎಂಜಿನ್ ಹುಡುಕಿರಿ, ಇಲ್ಲವೇ ಗುಜರಿಗೆ ಕೊಡಿರಿ. ಗುಜರಿ ಎಂಬ ಮಾತು ಕೇಳಿ ಅವ್ವ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಇಲ್ಲಿ ನನ್ನ ಮಗನ ವಿಷಯ ಹೇಳಬೇಕು. ಅವನು ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಪುಣೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 2020ರ ಲಾಕ್‌ಡೌನಿನಲ್ಲಿ ಆ ಕೆಲಸ ಹೋಯಿತು. ಊರಿಗೆ ಮರಳಿ ಬಂದ. ಬಂದವನು ಸುಮ್ಮನೆ ಕೂರಲಿಲ್ಲ. ಸುತ್ತಲಿನ ಲಿಂಬೆ ತೋಟಗಳ ಪಂಪುಸೆಟ್ಟುಗಳನ್ನು, ಔಷಧ ಹೊಡೆಯುವ ಯಂತ್ರಗಳನ್ನು ಬಿಚ್ಚಿ ಸರಿಪಡಿಸಿ ಕೊಡುತ್ತಿದ್ದ. ಸಂಜೆ ಮನೆಗೆ ಬರುವಾಗ ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡಿರುತ್ತಿದ್ದ. ನಾನು ಅವನಿಗೆ ಬೈಯಲಿಲ್ಲ. ಆದರೆ ಮನೆಗೆ ಯಾರಾದರೂ ಬಂದಾಗ, "ಸರ್ಕಾರಿ ನೌಕರಿಗೆ ಅರ್ಜಿ ಹಾಕಿದ್ದಾನೆ, ಅಲ್ಲಿಯವರೆಗೆ ಹೊತ್ತು ಹೋಗಲೆಂದು ಏನೋ ಮಾಡುತ್ತಾನೆ" ಎನ್ನುತ್ತಿದ್ದೆ. ಮಾಸ್ತರರ ಮಗ ಪಾನಾ ಹಿಡಿದನೆಂಬುದು ನನ್ನ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು.

ಅವನೇ ಒಂದು ಸಂಜೆ ಬಂದು, "ಅಪ್ಪಾ, ಎಂಜಿನ್ ಮನ್ಯಾಗ ನಾನ ಬದ್ಲಿ ಮಾಡ್ತೇನ್ರಿ. ಇದೇ ತರದ್ದೊಂದು ಎಂಜಿನ್ ಮಾತ್ರ ಹುಡುಕೂಣು" ಎಂದ. ಹಿಂದೆ ಎಂದಾದರೂ ಮಾಡಿದ್ದೀಯಾ ಎಂದು ಕೇಳಿದೆ. "ಕಾರಿಂದು ಮಾಡಿಲ್ಲ. ಆದರ ಬಿಚ್ಚೂದು ತಿಳಿದ್ರ ಕೂಡಿಸೂದು ತಿಳೀತೈತಿ" ಎಂದ. ನನಗೆ ನಂಬಿಕೆ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಇದೇ ತರದ್ದು ಎಂಬ ಮಾತಿಗೆ ಕಾರಣವಿದೆ. ನಮ್ಮ ಕಾರಿನದು 1489 ಸಿ.ಸಿ.ಯ ಹಳೆಯ ಪೆಟ್ರೋಲ್ ಎಂಜಿನ್. ತೊಂಬತ್ತರ ದಶಕದಲ್ಲಿ ಇದೇ ಕಾರಿಗೆ ಜಪಾನಿನ ಇಸುಜು ಮಾದರಿಯ 1800 ಸಿ.ಸಿ. ಎಂಜಿನ್ ಬಂತು, ಅದರ ಗೇರ್ ಬಾಕ್ಸ್ ಬೇರೆ, ಕೂರುವ ಜಾಗ ಬೇರೆ. ಅದನ್ನು ತಂದು ಇದರಲ್ಲಿ ಇಡಹೋದರೆ ಕೆಲಸ ನಾಲ್ಕು ಪಟ್ಟು ಬೆಳೆಯುತ್ತದೆ. ಹುಡುಕುತ್ತ ಹೋದಾಗ, ಮುದ್ದೇಬಿಹಾಳ ತಾಲ್ಲೂಕಿನ ಒಬ್ಬ ಹಿರಿಯ ರೈತರ ಹೊಲದ ಮನೆಯಲ್ಲಿ ನಮ್ಮದೇ ಮಾದರಿಯ ಕಾರೊಂದು ವರ್ಷಗಳಿಂದ ನಿಂತಿದೆಯೆಂಬ ಸುದ್ದಿ ಸಿಕ್ಕಿತು. ಫೆಬ್ರುವರಿಯಲ್ಲಿ ತಂದೆ ಮಗ ಇಬ್ಬರೂ ಬಸ್ಸು ಹಿಡಿದು ಅಲ್ಲಿಗೆ ಹೋದೆವು.

ತಗಡಿನ ಚಪ್ಪರದ ಕೆಳಗೆ ಆ ಕಾರಿನ ತಳವೆಲ್ಲ ತುಕ್ಕು ಹಿಡಿದು ಉದುರುತ್ತಿತ್ತು. ಒಳಗೆ ಕೋಳಿಗಳು ಕಾವಿಗೆ ಕೂತಿದ್ದವು. ಮಗ ಅವಸರ ಮಾಡಲಿಲ್ಲ. ಮೊದಲು ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಬೆರಳಿಗೆ ಸವರಿಕೊಂಡ. ಎಣ್ಣೆಯು ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥವಂತೆ, ಅದು ಕಪ್ಪಗಿತ್ತು. ಬಳಿಕ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ರಂಧ್ರಗಳಲ್ಲಿ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, ಒಂದು ತಾಸು ಹಾಗೆಯೇ ಬಿಟ್ಟ. ಆಮೇಲೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ನಿಧಾನವಾಗಿ ತಿರುಗಿಸತೊಡಗಿದ. ನಮ್ಮ ತಂದೆಯವರ ಹೆಬ್ಬೆರಳು ಒಮ್ಮೆ ಇಂಥದೇ ಹ್ಯಾಂಡಲ್ ಹಿಂದಕ್ಕೆ ಒದ್ದು ಮುರಿದಿತ್ತು. ಆ ನೆನಪಿನಿಂದ ನಾನು ಉಸಿರು ಬಿಗಿಹಿಡಿದು ಮಗನ ಕೈಯನ್ನೇ ನೋಡುತ್ತಿದ್ದೆ. ಎಂಜಿನ್ ತಿರುಗಿತು. ಒಂದೊಂದೇ ಪ್ಲಗ್ಗಿನ ರಂಧ್ರಕ್ಕೆ ಬೆರಳು ಒತ್ತಿ ಹಿಡಿದು, ಒಳಗಿನ ಗಾಳಿ ಬೆರಳನ್ನು ಎಷ್ಟು ಜೋರಾಗಿ ನೂಕುತ್ತದೆಂದು ಪರೀಕ್ಷಿಸಿ, "ನಾಲ್ಕೂ ಸರಿ ಅದಾವು" ಎಂದ.

ಆ ಹಿರಿಯರು ಇದನ್ನೆಲ್ಲ ಮೆಚ್ಚುಗೆಯಿಂದ ನೋಡುತ್ತಿದ್ದು, ನನ್ನ ಕಡೆ ತಿರುಗಿ, "ಮಾಸ್ತರ, ಈ ಮಿಸ್ತ್ರಿ ಎಲ್ಲಿಯವನ್ರಿ? ವಯಸ್ಸು ಸಣ್ಣದಾದ್ರೂ ಕೈ ಚಲೋ ಐತಿ" ಎಂದರು.

"ಇಂಡಿ ಕಡೆಯವ. ಜೋಡಿ ಕರಕೊಂಡು ಬಂದೇನ್ರಿ" ಎಂದೆ.

ಆ ಮಾತು ಹೇಗೆ ನನ್ನ ಬಾಯಿಂದ ಬಂತೋ ಇಂದಿಗೂ ನಾನರಿಯೆ. ಮಗ ಎರಡು ಮಾರು ದೂರದಲ್ಲಿ ಬಗ್ಗಿ ನಿಂತಿದ್ದ. ಅವನಿಗೆ ಕೇಳಿಸಿತು. ತಲೆ ಎತ್ತಲಿಲ್ಲ, ಕೈಯಲ್ಲಿದ್ದ ಪ್ಲಗ್ಗನ್ನು ಅರಿವೆಯಿಂದ ಒರೆಸುತ್ತಲೇ ಇದ್ದ. ಎಂಜಿನ್ನಿನ ಬೆಲೆ ಗೊತ್ತುಪಡಿಸಿ, ಹಣ ಕೊಟ್ಟು, ಆ ಕಾರಿನ ನೋಂದಣಿ ಕಾಗದದ ಪ್ರತಿ ಹಾಗೂ ಮಾರಾಟದ ಚೀಟಿ ಬರೆಸಿಕೊಂಡು, ಸರಕು ಗಾಡಿಯಲ್ಲಿ ಎಂಜಿನ್ ಹೇರಿಸಿಕೊಂಡು ಹೊರಟೆವು. ಊರು ತಲುಪುವವರೆಗೆ ಅವನು ಹತ್ತು ಮಾತು ಆಡಿರಲಿಕ್ಕಿಲ್ಲ.

ಶಿವರಾತ್ರಿ ಕಳೆದ ಮೇಲೆ ಕೆಲಸ ಆರಂಭವಾಯಿತು. ಅಂಗಳದ ಬೇವಿನ ಮರದ ಕೊಂಬೆಗೆ ಹಗ್ಗ ಕಟ್ಟಿ ಎಂಜಿನ್ ಎತ್ತಬಹುದೆಂದು ನಾನು ಸೂಚಿಸಿದೆ. ಮಗ ಒಪ್ಪಲಿಲ್ಲ. ಒಂದೂವರೆ ಕ್ವಿಂಟಲಿಗೂ ಹೆಚ್ಚು ತೂಕದ ಕಬ್ಬಿಣ. ಕೊಂಬೆ ಸೀಳಿದರೆ ಕೆಳಗಿದ್ದವನ ಗತಿಯೇನು? ನಮ್ಮ ಭಾಗದಲ್ಲಿ ಕೊಳವೆಬಾವಿಯ ಮೋಟಾರು ಎತ್ತುವವರ ಬಳಿ ಮೂರು ಕಾಲಿನ ಕಬ್ಬಿಣದ ಕಂಬವೂ ಚೈನ್ ಕಪ್ಪಿಯೂ ಇರುತ್ತವೆ. ಅದನ್ನು ಎರಡು ವಾರಕ್ಕೆ ಕೇಳಿ ತಂದ. ಮನೆಯಂಗಳದಲ್ಲಿ ಕಾರಿನ ಎಂಜಿನ್ ಇಳಿಸುವುದು ನಮ್ಮೂರಿಗೆ ಹೊಸದಾದರೂ, ಭಾರವನ್ನು ಪಾತಾಳದಿಂದ ಮೇಲೆತ್ತುವ ವಿದ್ಯೆ ನಮ್ಮ ರೈತರಿಗೆ ಹಳೆಯದೇ.

ಅವನು ಕೆಲಸ ಮಾಡಿದ ಕ್ರಮವನ್ನು ಓದುಗ ಬಂಧುಗಳಿಗೆ ಸ್ವಲ್ಪ ವಿವರಿಸುತ್ತೇನೆ. ಮೊಟ್ಟಮೊದಲು ಬ್ಯಾಟರಿಯ ತಂತಿ ಬಿಚ್ಚಿ ಬ್ಯಾಟರಿಯನ್ನು ದೂರ ಇಟ್ಟ. ಪೆಟ್ರೋಲಿನ ಕೊಳವೆಗೆ ಬೆಣೆ ಹಾಕಿದ. ನೀರನ್ನೂ ಎಣ್ಣೆಯನ್ನೂ ಬೇರೆ ಬೇರೆ ಡಬ್ಬಿಗಳಿಗೆ ಇಳಿಸಿದ. ಹಳೆಯ ಎಣ್ಣೆಯನ್ನು ಚರಂಡಿಗಾಗಲಿ ಹೊಲಕ್ಕಾಗಲಿ ಚೆಲ್ಲಗೊಡಲಿಲ್ಲ. ಬಾನೆಟ್ ಬಿಚ್ಚಿ, ರೇಡಿಯೇಟರ್ ಹೊರತೆಗೆದ. ಕಾರ್ಬ್ಯುರೇಟರ್, ಡೈನಮೋ, ಸೆಲ್ಫ್ ಮೋಟಾರು, ಹೊಗೆ ಕೊಳವೆ ಒಂದೊಂದಾಗಿ ಬಂದವು. ಪ್ರತಿಯೊಂದು ತಂತಿಗೂ ಬಟ್ಟೆಯ ಚೂರು ಕಟ್ಟಿ ಅಂಕಿ ಬರೆದ. ಬಿಚ್ಚಿದ ಬೋಲ್ಟುಗಳಿಗೆ ನನ್ನ ಹೆಂಡತಿ ಖಾಲಿ ಮಿಠಾಯಿ ಡಬ್ಬಿಗಳನ್ನು ಒದಗಿಸಿದಳು. ಯಾವ ಡಬ್ಬಿಯಲ್ಲಿ ಎಲ್ಲಿಯ ಬೋಲ್ಟು ಎಂಬುದನ್ನು ಮುಚ್ಚಳದ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಿಚ್ಚುವ ಮುನ್ನ ಪ್ರತಿ ಭಾಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡ.

ಈ ಕಾರು ಇಂಗ್ಲೆಂಡಿನ ಹಳೆಯ ಮಾದರಿಯದಾದ್ದರಿಂದ ಇದರ ಬೋಲ್ಟುಗಳು ಇಂಚಿನ ಅಳತೆಯವು. ಪಂಪುಸೆಟ್ಟಿನ ಮಿಲಿಮೀಟರ್ ಪಾನಾ ಹಾಕಿದರೆ ಜಾರಿ ಬೋಲ್ಟಿನ ಮೂಲೆ ಸವೆಯುತ್ತದೆ. ಇಂಚಿನ ಪಾನಾಗಳ ಸೆಟ್ಟೊಂದನ್ನು ಇಂಡಿಯ ಒಬ್ಬ ಮುದಿ ಮಿಸ್ತ್ರಿ ಕೊಟ್ಟರು. ಅವರು ನಮ್ಮ ತಂದೆಯವರ ಕಾಲದಲ್ಲಿ ಇದೇ ಕಾರಿಗೆ ಕೈಹಚ್ಚಿದವರು. ಕಣ್ಣು ಮಂದವಾಗಿ ಗ್ಯಾರೇಜು ಮುಚ್ಚಿದ್ದರು. ಮಗ ಅವರನ್ನು ಕಾಕಾ ಎಂದು ಕರೆಯುತ್ತಿದ್ದ. ಬಾಡಿಗೆ ಎಷ್ಟು ಕೊಡಬೇಕೆಂದು ಕೇಳಿದ್ದಕ್ಕೆ, "ಪಾನಾಕ್ಕ ಬಾಡಿಗಿ ಇಲ್ಲಪಾ, ತಿರುಗಿ ಕೊಡುವಾಗ ಒರೆಸಿ ಕೊಡು" ಎಂದರಂತೆ.

ಗೇರ್ ಬಾಕ್ಸನ್ನು ಅದರ ಜಾಗದಲ್ಲಿಯೇ ಬಿಟ್ಟು, ಕೆಳಗೆ ಜ್ಯಾಕ್ ಕೊಟ್ಟು, ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವಲ್ಲಿನ ಬೋಲ್ಟುಗಳನ್ನು ಬಿಚ್ಚಿದೆವು. ಎರಡು ಪಕ್ಕದ ರಬ್ಬರ್ ಆಸರೆಗಳನ್ನು ಸಡಿಲಿಸಿ ಚೈನು ಎಳೆದಾಗ, ಹಳೆಯ ಎಂಜಿನ್ ಒಮ್ಮೆ ನರಳಿ ಮುಂದಕ್ಕೆ ಸರಿದು ಮೇಲೆದ್ದಿತು. ಓಣಿಯ ಮಕ್ಕಳು ಕೇಕೆ ಹಾಕಿದರು. "ತೂಗುವ ಭಾರದ ಕೆಳಗ ಯಾರೂ ಬರಬ್ಯಾಡ್ರಿ" ಎಂದು ಮಗ ಗದರಿಸಿದ ಸ್ವರ ನನಗೆ ಹೊಸದು. ಆ ಸ್ವರದಲ್ಲಿ ಒಡೆತನವಿತ್ತು.

ಮುದ್ದೇಬಿಹಾಳದ ಎಂಜಿನ್ನನ್ನು ಒಂಬತ್ತು ದಿನ ತೊಳೆದು ಒರೆಸಿದ. ಗ್ಯಾಸ್ಕೆಟ್ಟು, ಎಣ್ಣೆ ಸೋರದಂತೆ ಹಾಕುವ ಸೀಲು, ಹೊಸ ಕ್ಲಚ್ ಪ್ಲೇಟು ಇವನ್ನು ಸೊಲ್ಲಾಪುರದಿಂದ ತಂದ. ಎಂಜಿನ್ನಿನ ಹಿಂಬದಿಯ ಭಾರದ ಚಕ್ರಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಈ ಕ್ಲಚ್ ಪ್ಲೇಟು ರೊಟ್ಟಿಯಂತೆ ಕೂರುತ್ತದೆ. ಅದು ನಟ್ಟನಡುವೆ ಕೂರದಿದ್ದರೆ ಗೇರ್ ಬಾಕ್ಸಿನ ದಂಡವು ಅದರೊಳಗೆ ತೂರುವುದಿಲ್ಲ. ನಡುವೆ ಹೊಂದಿಸಲು ನಮ್ಮೂರ ಬಡಿಗೇರರಿಂದ ಜಾಲಿ ಕಟ್ಟಿಗೆಯ ಗೂಟವೊಂದನ್ನು ಅಳತೆಗೆ ಸರಿಯಾಗಿ ಕೆತ್ತಿಸಿ ತಂದಿದ್ದ.

ಪ್ಲೇಟು ಕೂರಿಸುವ ದಿನ ಹೊತ್ತು ಮುಳುಗುತ್ತ ಬಂದಿತ್ತು. ಪ್ರೆಶರ್ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಮಗ, "ಅಪ್ಪಾ, ಪ್ಲೇಟಿನ ಯಾವ ಮಗ್ಗಲು ಒಳಗ ಬರ್ತೈತಿ ನೋಡಬೇಕ್ರಿ. ಮೊಬೈಲ್ ಚಾರ್ಜಿಗೆ ಇಟ್ಟೇನಿ, ಫೋಟೋ ನೋಡಿ ಹಾಕೂಣು" ಎಂದ. ಪ್ಲೇಟು ನನ್ನ ಕೈಯಲ್ಲಿತ್ತು. ತಿರುಗಿಸಿ ನೋಡಿದೆ. ನನ್ನ ಕಣ್ಣಿಗೆ ಎರಡೂ ಮಗ್ಗಲು ಒಂದೇ ಕಂಡವು. "ಎರಡೂ ಒಂದ ಅದಾವು. ಕತ್ತಲಾತು, ಮುಗಿಸಿಬಿಡು" ಎಂದು ನಾನೇ ಗೂಟಕ್ಕೆ ಏರಿಸಿ ಇಟ್ಟುಬಿಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಬಳಿಕ ಏನೂ ಅನ್ನದೆ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ. ಮುಖ ನೋಡಿದ್ದೇಕೆಂದು ನನಗೆ ಗೊತ್ತಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ತಿಳಿದ ಹುಡುಗನೊಬ್ಬ ಮಾಸ್ತರರ ತಪ್ಪು ಕಂಡಾಗ ನೋಡುವ ನೋಟ ಅದು.

ಮರುದಿನ ಎಂಜಿನ್ ಒಳಗಿಳಿಯಿತು. ತಂತಿ, ಕೊಳವೆಗಳೆಲ್ಲ ಅಂಕಿಯ ಪ್ರಕಾರ ಕೂಡಿದವು. ಪ್ಲಗ್ಗು ಹಾಕದೆಯೇ ಎಂಜಿನ್ನನ್ನು ಸೆಲ್ಫಿನಿಂದ ತಿರುಗಿಸಿ, ಎಣ್ಣೆಯ ಒತ್ತಡ ಏರಿದ್ದನ್ನು ಖಾತ್ರಿ ಮಾಡಿಕೊಂಡ. ಬಹಳ ದಿನ ನಿಂತ ಎಂಜಿನ್ನಿಗೆ ಎಣ್ಣೆ ತಲುಪುವ ಮುನ್ನ ಉರಿ ಕೊಡಬಾರದಂತೆ. ನಮ್ಮ ಬಾವಿಯದು ಸವಳು ನೀರು; ರೇಡಿಯೇಟರಿನೊಳಗೆ ಸುಣ್ಣದಂತೆ ಕಟ್ಟುತ್ತದೆ. ಆದ್ದರಿಂದ ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ತುಂಬಿದ. ಪ್ಲಗ್ಗಿನ ತಂತಿಗಳನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಕೂಡಿಸಿದ. ಕೀಲಿ ತಿರುವಿದ. ಮೂರನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು.

ಅವ್ವ ಊರುಗೋಲು ಬಿಟ್ಟು ಬಂದು ಬಾನೆಟ್ಟಿಗೆ ವಿಭೂತಿ ಹಚ್ಚಿದಳು, ಕಾಯಿ ಒಡೆಸಿದಳು. ಓಣಿಯ ಜನರೆಲ್ಲ ನೆರೆದಿದ್ದರು. ನಾನು ಹಿಗ್ಗಿನಿಂದ ಮುಂದಿನ ಸೀಟಿನಲ್ಲಿ ಕುಳಿತೆ. ಮಗ ಕ್ಲಚ್ ತುಳಿದು ಗೇರು ಹಾಕಹೋದ. ಕರ್ರೆಂದು ಹಲ್ಲು ಕಡಿದ ಸಪ್ಪಳ. ಮತ್ತೆ ಹಾಕಿದ, ಮತ್ತೆ ಅದೇ ಸಪ್ಪಳ. ಗೇರು ಬೀಳಲಿಲ್ಲ. ಪೆಡಲಿನಿಂದ ಹಿಡಿದು ಹೊರಗಿನಿಂದ ನೋಡಬಹುದಾದ ಎಲ್ಲವನ್ನೂ ಪರೀಕ್ಷಿಸಿದ. ಕೊನೆಗೆ ಎಂಜಿನ್ ನಿಲ್ಲಿಸಿ ಕೆಳಗಿಳಿದು ಸುಮ್ಮನೆ ನಿಂತ.

ಸುದ್ದಿ ಕೇಳಿ ಮಿಸ್ತ್ರಿ ಕಾಕಾ ಸಂಜೆ ಬಂದರು. ಗೇರು ಕಚ್ಚುವ ಸಪ್ಪಳ ಕೇಳಿಸಿಕೊಂಡು, "ಪ್ಲೇಟು ಉಲ್ಟಾ ಆಗೈತಿ. ಅದರ ನಡುವಿನ ಉಬ್ಬು ಗೇರ್ ಬಾಕ್ಸಿನ ಕಡೆ ಇರಬೇಕು. ಈ ಕಡೆ ಬಂದ್ರ ಚಕ್ರದ ಬೋಲ್ಟಿಗೆ ತಾಗತೈತಿ, ಕ್ಲಚ್ ಬಿಡೂದಿಲ್ಲ" ಎಂದರು. ಅಂದರೆ ಎಂಜಿನ್ನನ್ನು ಮತ್ತೊಮ್ಮೆ ಪೂರ್ತಿ ಹೊರತೆಗೆಯಬೇಕು. ನೆರೆದವರಲ್ಲಿ ಯಾರೋ, "ಮನ್ಯಾಗ ಮಾಡೂ ಕೆಲಸ ಅಲ್ಲ ಇದು. ಹುಡುಗ ಹುಡುಗಾಟ ಮಾಡಿದ" ಎಂದರು.

"ಹೌದ್ರಿ, ನಂದ ತಪ್ಪಾತು. ನಾ ನೋಡಿ ಹಾಕಬೇಕಿತ್ತು" ಎಂದ ನನ್ನ ಮಗ.

ನಾನು ಅಲ್ಲಿಯೇ ಇದ್ದೆ. ಬಾಯಿ ತೆರೆಯಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುದ್ದೇಬಿಹಾಳದಲ್ಲಿ ಅವನನ್ನು ಮಗನಲ್ಲವೆಂದವನು ನಾನು. ಇಲ್ಲಿ ನನ್ನ ತಪ್ಪನ್ನು ಅವನು ತನ್ನದೆಂದ. ಈ ಎರಡು ಮಾತುಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಾಗ ನನ್ನ ಇಷ್ಟು ವರ್ಷಗಳ ಉಪನ್ಯಾಸಗಳು ಹೊಟ್ಟಿನಷ್ಟೂ ತೂಗಲಿಲ್ಲ. ನಡುರಾತ್ರಿ ಅಂಗಳಕ್ಕೆ ಬಂದೆ. ಅವನೂ ಎಚ್ಚರವಿದ್ದ, ಕಟ್ಟೆಯ ಮೇಲೆ ಕುಳಿತು ಮರುದಿನ ಬಿಚ್ಚಬೇಕಾದ ಕ್ರಮವನ್ನು ಹಾಳೆಯಲ್ಲಿ ಬರೆಯುತ್ತಿದ್ದ. ಪಕ್ಕದಲ್ಲಿ ಕುಳಿತೆ. ಹೇಳಬೇಕಾದದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. "ಮುದ್ದೇಬಿಹಾಳದಾಗ ಹಂಗ ಅಂದದ್ದು ತಪ್ಪಾತು" ಎಂದೆ. ಅವನು ಹಾಳೆಯ ಮೇಲಿನ ಕಣ್ಣು ಕೀಳದೆ, "ಅದಕ್ಕಿಂತ, ನಾಕ ಮಂದಿ ಮುಂದ ಅರ್ಜಿ ಹಾಕ್ಯಾನ ಅಂತ ಹೇಳ್ತೀರಲ್ಲ, ಅದು ಹೆಚ್ಚು ಚುಚ್ಚತೈತ್ರಿ. ನಾ ಯಾವ ಅರ್ಜಿನೂ ಹಾಕಿಲ್ಲ" ಎಂದ. ಎರಡು ವರ್ಷ ಒಂದೇ ಮನೆಯಲ್ಲಿದ್ದು ಅವನು ನನಗೆ ಹೇಳಿದ ಮೊದಲ ದೂರು ಅದು. ಬಳಿಕ ಇಬ್ಬರೂ ಮಾತಾಡಲಿಲ್ಲ. ಹಾಳೆಯ ಕೊನೆಯಲ್ಲಿ ನಾನು ನನ್ನ ಹೆಸರು ಬರೆದು, ಅದರ ಮುಂದೆ "ಡಬ್ಬಿ, ದೀಪ, ಪಾನಾ ಕೊಡುವುದು" ಎಂದು ಬರೆದೆ. ಅವನು ನಕ್ಕ.

ಬೆಳಿಗ್ಗೆ ಚೈನ್ ಕಪ್ಪಿ ಏರಿಸುವಾಗ ಹಿಂದಿನ ದಿನ ನೆರೆದಿದ್ದವರೇ ಮತ್ತೆ ಬಂದರು. ಅವರೆದುರು, "ಪ್ಲೇಟು ಉಲ್ಟಾ ಇಟ್ಟವ ನಾನು. ಹುಡುಗ ನೋಡೂಣು ಅಂದಿದ್ದ, ನಾನ ಕೇಳಲಿಲ್ಲ" ಎಂದೆ. ಯಾರೂ ನಗಲಿಲ್ಲ. ಒಬ್ಬರು ಅಂಗಿಯ ತೋಳು ಮಡಚಿ ಚೈನು ಹಿಡಿದರು. ಮೊದಲ ಸಲ ಐದು ದಿನ ಹಿಡಿದ ಬಿಚ್ಚುವ ಕೆಲಸ ಎರಡನೆಯ ಸಲ ಒಂದೇ ದಿನದಲ್ಲಿ ಮುಗಿಯಿತು. ಪ್ಲೇಟನ್ನು ತಿರುಗಿಸಿ ಹಾಕುವಾಗ ಮಗ ಅದನ್ನು ನನ್ನ ಕೈಗೇ ಕೊಟ್ಟ. ಈ ಸಲ ಚಿತ್ರ ನೋಡಿ, ಉಬ್ಬನ್ನು ಬೆರಳಿನಿಂದ ಮುಟ್ಟಿ ನೋಡಿ ಇಟ್ಟೆ. ಮೂರನೆಯ ದಿನ ಕಾರು ಅಂಗಳದಿಂದ ತಾನಾಗಿ ಹೊರಬಂತು.

ಇಂಥ ಕೆಲಸಕ್ಕೆ ಕೈಹಾಕುವ ಮನೆಯವರಿಗೆ ಒಂದು ಮಾತು. ಎಂಜಿನ್ನಿಗೆ ತನ್ನದೇ ಆದ ಸಂಖ್ಯೆ ಇರುತ್ತದೆ. ಅದು ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಎಂಜಿನ್ ಬದಲಿಸಿದ್ದನ್ನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ ತಿದ್ದುಪಡಿ ಮಾಡಿಸಿಕೊಳ್ಳಬೇಕು. ಕೆಲಸಕ್ಕೆ ಮುನ್ನವೇ ಕಚೇರಿಯಲ್ಲಿ ವಿಚಾರಿಸುವುದು ಇನ್ನೂ ಒಳ್ಳೆಯದು. ಮಾರಾಟದ ಚೀಟಿಯಿಲ್ಲದ ಎಂಜಿನ್ನನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ನಾವು ಕಾಗದಗಳನ್ನು ಹಿಡಿದು ವಿಜಯಪುರದ ಕಚೇರಿಗೆ ಹೋದೆವು, ವಿಮೆಯವರಿಗೂ ತಿಳಿಸಿದೆವು.

2022ರ ಮೇ 3ರಂದು ಬಸವ ಜಯಂತಿ. ಆ ವರ್ಷ ನಾನು ಎಲ್ಲಿಯೂ ಉಪನ್ಯಾಸ ಒಪ್ಪಿಕೊಳ್ಳಲಿಲ್ಲ. ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಸುಕಿನಲ್ಲಿಯೇ ಬಸವನ ಬಾಗೇವಾಡಿಗೆ ಹೊರಟೆವು. ಕಾರು ನಡೆಸಿದವನು ಮಗ. ಶಾಖದ ಮುಳ್ಳು ನಡುವಿನಲ್ಲಿಯೇ ನಿಂತಿತ್ತು. ನಾನು ಮಾತ್ರ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಬಸವಣ್ಣನವರು ಹುಟ್ಟಿದ ಆ ಊರಿನಲ್ಲಿ ದರ್ಶನ ಮುಗಿಸಿ ಹೊರಬಂದಾಗ ಮಗ ಊರ ಕಡೆ ತಿರುಗಲು ಸಿದ್ಧನಾದ. "ಇಲ್ಲ, ಮುದ್ದೇಬಿಹಾಳಕ್ಕೆ ನಡಿ" ಎಂದೆ. ಅವನು ಕಾರಣ ಕೇಳಲಿಲ್ಲ.

ಆ ಹಿರಿಯರು ಹೊಲದ ಮನೆಯ ಮುಂದೆ ಹೊರಸಿನ ಮೇಲೆ ಕುಳಿತಿದ್ದರು. ಕಾರಿನ ಸಪ್ಪಳ ಕೇಳಿ ಎದ್ದು ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ತಮ್ಮ ಹಳೆಯ ಎಂಜಿನ್ನಿನ ನಡುಕವನ್ನು ಬಹಳ ಹೊತ್ತು ಆಲಿಸಿದರು. ಒಳಗಿನಿಂದ ಮಜ್ಜಿಗೆ ತರಿಸಿದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟು, "ಯಜಮಾನರೇ, ಅವತ್ತು ನಾ ಒಂದು ಸುಳ್ಳು ಹೇಳಿದ್ದೆ. ಇವ ಬಾಡಿಗೆ ಮಿಸ್ತ್ರಿ ಅಲ್ಲ. ನನ್ನ ಮಗ" ಎಂದೆ.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅವತ್ತ ಗೊತ್ತಾಗಿತ್ರಿ ಮಾಸ್ತರ" ಎಂದರು. "ಅವ ಹ್ಯಾಂಡಲ್ ತಿರುವುವಾಗ ನೀವು ಉಸಿರು ಹಿಡಿದು ಅವನ ಬೆರಳ ನೋಡಾಕತ್ತಿದ್ರಿ. ಬಾಡಿಗಿ ಮಿಸ್ತ್ರಿ ಬೆರಳ ಯಾರೂ ಹಂಗ ನೋಡೂದಿಲ್ಲ."

ಮಗ ಕಾರಿನ ಕಡೆ ತಿರುಗಿ ರೇಡಿಯೇಟರಿನ ನೀರು ನೋಡತೊಡಗಿದ. ಅವ್ವ ಮತ್ತೊಂದು ಲೋಟ ಮಜ್ಜಿಗೆ ಕೇಳಿದಳು.

ಈಗ ಅವನು ಇಂಡಿಯಲ್ಲಿ ಚಿಕ್ಕದೊಂದು ಶೆಡ್ಡು ಹಾಕಿಕೊಂಡಿದ್ದಾನೆ. ಮಿಸ್ತ್ರಿ ಕಾಕಾ ಆಗಾಗ ಬಂದು ಕುರ್ಚಿಯ ಮೇಲೆ ಕುಳಿತು ಎಂಜಿನ್ನುಗಳ ಸಪ್ಪಳ ಕೇಳಿ ರೋಗ ಹೇಳುತ್ತಾರೆ. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಈಗ ನನ್ನ ಬಳಿ ಉದ್ದನೆಯ ಉತ್ತರವಿಲ್ಲ. ಶೆಡ್ಡಿನ ದಾರಿ ತೋರಿಸುತ್ತೇನೆ.